ಎಲೆಯ ತುದಿ ಯಾರ ಎಡಕ್ಕೆ?

ಭಾದ್ರಪದದ ಕೊನೆಗೆ ಬರುವ ಮಹಾಲಯ ಅಮಾವಾಸ್ಯೆಯನ್ನು ಚಳ್ಳಕೆರೆ, ಜಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರ ಹಬ್ಬ ಅಂತಲೇ ಕರೆಯುತ್ತಾರೆ. ತೀರಿಹೋದ ಹಿರಿಯರಿಗೆ ಎಡೆ ಇಡುವ ಇದೇ ಪೂಜೆಯನ್ನು ಕೆಲವು ಮನೆತನಗಳು ದೀಪಾವಳಿಗೆ ಇಟ್ಟುಕೊಂಡಿವೆ. 2024ರಲ್ಲಿ ಈ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿತ್ತು, 2025ರಲ್ಲಿ ಸೆಪ್ಟೆಂಬರ್ 21ಕ್ಕೆ. ಯಾವಾಗ ಬಂದರೂ ಶೇಂಗಾ, ಈರುಳ್ಳಿ ಅಂತ ಹೊಲದ ಕೆಲಸ ಮೈಮೇಲಿರುತ್ತದೆ. ತೀರಿಹೋದ ಯಜಮಾನ ಬದುಕಿದ್ದಾಗಲೂ ಊಟಕ್ಕೆ ಬರುತ್ತಿದ್ದುದು ಇಂಥ ಹೊತ್ತಿನಲ್ಲೇ ಅಲ್ಲವೇ.

ಎಡೆಗೆ ಇಡುವ ಪಂಚೆ, ಟವೆಲ್ ಅವರು ಉಡುತ್ತಿದ್ದಂಥವೇ ಇರಲಿ. ಜರಿಯಂಚಿನದು ತಂದರೆ ಪೂಜೆ ಮುಗಿದ ಮೇಲೆ ಯಾರೂ ಉಡದೆ ಪೆಟ್ಟಿಗೆ ಸೇರುತ್ತದೆ. ಮೂಲೆಗೆ ಅರಿಶಿನ ಮುಟ್ಟಿಸಿ, ಅಂಚು ಕಾಣುವಂತೆ ಮಡಚಿ ಇಟ್ಟರೆ ಸಾಕು.

ಅಡುಗೆಯಲ್ಲಿ ಕೈಕೊಡುವುದು ಹೋಳಿಗೆ. 1 ಕೆಜಿ ಕಡಲೆಬೇಳೆಗೆ ಅಷ್ಟೇ ಬೆಲ್ಲ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಕರಗಿ ಗಂಜಿಯಾಗಬಾರದು. ಕಟ್ಟು, ಅಂದರೆ ಬೇಳೆ ಬೆಂದ ನೀರು, ಪೂರ್ತಿ ಬಸಿಯದಿದ್ದರೆ ಬೆಲ್ಲ ಹಾಕಿದ ಕೂಡಲೇ ಹೂರಣ ನೀರಾಗಿ, ಹೋಳಿಗೆ ಹಂಚಿನ ಮೇಲೆ ಒಡೆಯುತ್ತದೆ. ಆಗ ಹೂರಣವನ್ನು ಮತ್ತೆ ಒಲೆಗಿಟ್ಟು ಸೌಟು ನಿಲ್ಲುವ ತನಕ ತಿರುವಬೇಕು. ಹಿಟ್ಟು ಬೆರೆಸಿ ಗಟ್ಟಿ ಮಾಡಿದರೆ ರುಚಿ ಕೆಡುತ್ತದೆ. ಎಡೆಗಿಂತ ಮುಂಚೆ ರುಚಿ ನೋಡುವಂತಿಲ್ಲ. ಹಾಗಾಗಿ ಕಟ್ಟಿನ ಸಾರಿಗೆ ಉಪ್ಪು ಅಂದಾಜಿಗೆ ಬೇಡ, ಲೀಟರಿಗೆ ಚಿಕ್ಕ ಚಮಚದಲ್ಲಿ ಒಂದೂವರೆ ಎಂದು ಅಳೆದೇ ಹಾಕಿ. ಹೋಳಿಗೆಯ ಪಕ್ಕ ಅವರಿಗೆ ದಿನಾ ಬೇಕಾಗಿದ್ದ ಮುದ್ದೆ, ಎಲೆಅಡಿಕೆ ಮರೆಯಬಾರದು. ಬೀಡಿ ಸೇದುತ್ತಿದ್ದವರಿಗೆ ಬೀಡಿಕಟ್ಟನ್ನೂ ಇಡುತ್ತಾರೆ. ಬದುಕಿದ್ದಾಗ ಬಯ್ದ ಹೆಂಡತಿಯೇ ತರಿಸಿ ಇಡುವುದುಂಟು.

ಬಾಳೆಲೆ ಹಾಕುವಾಗ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಫೋಟೋ ಗೋಡೆಗೆ ಒರಗಿದ್ದರೆ ಅವರ ಎಡ ನಮಗೆ ಬಲ. ಬಡಿಸುವವರು ತಮ್ಮ ಎಡಬಲ ನೋಡಿ ಹಾಕಿಬಿಡುತ್ತಾರೆ. ಉಣ್ಣುವವರು ಎದುರಿಗೆ ಕೂತಿದ್ದಾರೆ ಅನ್ನುವುದೇ ಮನಸ್ಸಿಗೆ ಬಂದಿಲ್ಲ ಅಂತಾಯಿತು. ಭಕ್ತಿ ಇರಬೇಕಾದದ್ದು ಅಲ್ಲಿ.

ಧೂಪಕ್ಕೆ ತೆಂಗಿನ ಕರಟದ ಕೆಂಡ ಒಳ್ಳೆಯದು, ಬೇಗ ಆರುವುದಿಲ್ಲ. ಉರಿ ನಿಂತು ಮೇಲೆ ತೆಳ್ಳಗೆ ಬೂದಿ ಕಟ್ಟಿದ ಮೇಲೆ ಲೋಬಾನ ಹಾಕಬೇಕು. ಅವಸರ ಮಾಡಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ಹೊಗೆಯೇ ಬರುವುದಿಲ್ಲ. ಕೈಕೂಸಿನಿಂದಲೂ ಒಂದೊಂದು ಚಿಟಿಕೆ ಹಾಕಿಸಿ, ಹಿರಿಯರು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡುತ್ತಾರೆ. ಒಳಗೆ ದೀಪವಿದೆ, ಹತ್ತಿಬಟ್ಟೆಯಿದೆ. ಎರಡರ ನಡುವೆ ಒಂದು ಮೊಳ ಅಂತರವಿರಲಿ. ಮತ್ತೆ ಒಳಗೆ ಹೋಗುವ ಮುನ್ನ ಬಾಗಿಲು ತಟ್ಟುವುದು ಮರ್ಯಾದೆ.

ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದವರೆಂದು ಈ ಸೀಮೆ ನೆನೆಯುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅವರ ಮಾತು. ಯಜಮಾನರು ಕೆರೆ ಕಟ್ಟಿಸಿರಲಿಕ್ಕಿಲ್ಲ, ಹೂಳೆತ್ತಲು ಗಾಡಿ ಕಟ್ಟಿರುತ್ತಾರೆ. ಅವರ ಜೊತೆ ಮುಯ್ಯಾಳಿಗೆ, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರಂತೆ, ದುಡಿದವರು ಊರಲ್ಲಿ ಇನ್ನೂ ಇದ್ದರೆ ಮೊದಲ ಪಂಕ್ತಿಗೆ ಅವರನ್ನು ಕೂರಿಸಬೇಕು. ಬರಲಾಗದವರ ಮನೆಗೆ ಬುತ್ತಿ ಹೋಗಬೇಕು. ಬಿತ್ತನೆ ಬೀಜ ಕೊಟ್ಟದ್ದು, ಬರಗಾಲದಲ್ಲಿ ಮೇವು ಹಂಚಿದ್ದು ಮಕ್ಕಳಿಗೆ ತಿಳಿಯುವುದು ಆ ಪಂಕ್ತಿಯಲ್ಲೇ.

ಕಾಗೆಗೆ ಮಾಳಿಗೆಯ ಮೇಲೆ ಒಂದು ತುತ್ತು. ಮಿಕ್ಕದ್ದನ್ನು ಬುಟ್ಟಿಗಟ್ಟಲೆ ಎತ್ತಿನ ಮುಂದೆ ಸುರಿಯಬೇಡಿ, ಅನ್ನ-ಬೆಲ್ಲ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಒಂದು ಹೋಳಿಗೆ ಸಾಕು, ಅದೂ ಹುಲ್ಲು ತಿಂದ ಮೇಲೆ. ಅವರೂ ಹಾಗೇ ತಿನ್ನಿಸುತ್ತಿದ್ದರು.