ತಿಪ್ಪೆ ಒಳಕ್ಕೆ ಬಿಸಿಲು ಹೋಗುತ್ತಾ?

ಹೋದ ತಿಂಗಳು ಅರಕಲಗೂಡು ಹತ್ತಿರದ ನಮ್ಮೂರಿಗೆ ಹೋದಾಗ ನಮ್ಮ ಹಸು ಗೌರಿಗೆ ಕೆಚ್ಚಲು ಬಾವು. ಹಿಂದಿನ ಒಂದು ಮೊಲೆ ಕಲ್ಲಿನ ಹಾಗಾಗಿತ್ತು, ಮುಟ್ಟಿದರೆ ಒದೆಯುತ್ತಿದ್ದಳು. ದನದ ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ಟರು, ತಾವು ಹೇಳುವವರೆಗೆ ಹಾಲು ಡೈರಿಗೆ ಹಾಕಬೇಡಿ ಅಂದರು. ಅಮ್ಮ ಎರಡು ಹೊತ್ತೂ ಕರೆದು ತಿಪ್ಪೆಗೆ ಸುರಿದಳು.

ಕೊಟ್ಟಿಗೆಯ ಗೂಡಿನಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್‌ನ ಕಂದು ಬಾಟಲಿ ಇತ್ತು. ಚಿಕ್ಕವಳಿದ್ದಾಗ ಅದೇಕೆ ಕಂದು ಅಂತ ಕೇಳಿದ್ದೆ. 'ಬೆಳಕು ತಾಗಿದ್ರೆ ಔಷಧಿ ಕೆಟ್ಟೋಗುತ್ತೆ' ಅಂದಿದ್ದರು ಆಗಿನ ಡಾಕ್ಟ್ರು. ಹಾಸನದ ಹೇಮಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ ಈಗ ನಾನು ಮಾಡುತ್ತಿರುವ ಕೆಲಸ ಅದೇ: ಬೆಳಕಿಗೆ ಬೇಕಂತಲೇ ಕೆಡುವ ಔಷಧಿ ಮಾಡುವುದು.

ಈ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಕೊಟ್ಟರೆ ಅದರಲ್ಲಿ ಬಹಳಷ್ಟು ಸಗಣಿ, ಗಂಜಲದಲ್ಲಿ ಹಾಗೇ ಹೊರಗೆ ಬರುತ್ತದೆ. ಅಲ್ಲಿಂದ ಗೊಬ್ಬರ, ಹೊಲ, ಚರಂಡಿ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಚೂರು ಚೂರು ಔಷಧಿ ಸಿಗುತ್ತಾ ಹೋದರೆ, ತಡೆದುಕೊಂಡವು ಮಾತ್ರ ಉಳಿದು ಹೆಚ್ಚುತ್ತವೆ. ನಾಳೆ ಅದೇ ಔಷಧಿ ಗೌರಿಗೂ ನಾಟುವುದಿಲ್ಲ, ನಮಗೂ ನಾಟುವುದಿಲ್ಲ. ಟೆಟ್ರಾಸೈಕ್ಲಿನ್ ಬಿಸಿಲಿಗೆ ತಾನಾಗಿಯೇ ಒಡೆಯುತ್ತದಲ್ವಾ ಅಂತ ಕೇಳಬಹುದು. ಒಡೆಯುತ್ತದೆ, ಆದರೆ ನಮಗೆ ಬೇಕಾದ ಹಾಗಲ್ಲ. ಒಡೆದ ಚೂರುಗಳೂ ನಿರುಪದ್ರವಿ ಅಂತ ನಂಬಿ ಕೂರುವ ಹಾಗಿಲ್ಲ.

2013ರಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಬೆನ್ ಫೆರಿಂಗಾ ಅವರ ತಂಡ ಕ್ವಿನೊಲೋನ್ ಜಾತಿಯ ಆಂಟಿಬಯಾಟಿಕ್‌ಗೆ ಬೆಳಕು ಬಿದ್ದರೆ ಆಕಾರ ಬದಲಿಸುವ ಅಜೋಬೆಂಜೀನ್ ತುಂಡೊಂದನ್ನು ಜೋಡಿಸಿತು. ಅತಿನೇರಳೆ ಬೆಳಕು ಬಿಟ್ಟರೆ ಅದು ಚುರುಕಾಗುತ್ತದೆ, ಆಮೇಲೆ ಕೆಲವು ಗಂಟೆಗಳಲ್ಲಿ ತಾನೇ ಮಂಕಾಗುತ್ತದೆ. ಓದಿದಾಗ ಮೈ ಜುಮ್ಮೆಂದಿತ್ತು.

ನಾವು ಹಿಡಿದದ್ದು ಬೇರೆ ದಾರಿ. ಅಣುವಿನ ಮಧ್ಯೆ ನೈಟ್ರೋಬೆಂಜೈಲ್ ಎಂಬ ಕೀಲು ಇಡುತ್ತೇವೆ. ಕತ್ತಲೆಯಲ್ಲಿ ಅದು ಗಟ್ಟಿ. 365 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕು ಬಿದ್ದರೆ ಕಳಚುತ್ತದೆ, ಔಷಧಿ ಒಡೆಯುತ್ತದೆ. ಆ ಬೆಳಕು ಬಿಸಿಲಿನಲ್ಲೇ ಇದೆ.

ಮೊದಲ ಸಲ ಪರೀಕ್ಷೆ ಮಾಡಿದ್ದು ಚೆನ್ನಾಗಿ ನೆನಪಿದೆ. ಅಗಾರ್ ಎಂಬ ಲೋಳೆ ತುಂಬಿ ಬ್ಯಾಕ್ಟೀರಿಯಾ ಸವರಿದ ತಟ್ಟೆಯ ಮೇಲೆ ಎರಡು ಕಾಗದದ ಬಿಲ್ಲೆ. ಒಂದಕ್ಕೆ ಕತ್ತಲೆಯಲ್ಲಿಟ್ಟ ಔಷಧಿ, ಇನ್ನೊಂದಕ್ಕೆ ಬಿಸಿಲಲ್ಲಿಟ್ಟದ್ದು. ಬೆಳಗ್ಗೆ ನೋಡಿದರೆ ಎರಡರ ಸುತ್ತಲೂ ತಿಳಿಯಾದ ಉಂಗುರ, ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ! ಬಿಸಿಲಿನದರ ಸುತ್ತ ಇರಲೇಬಾರದಿತ್ತು. ಔಷಧಿ ಒಡೆದಿತ್ತು, ಸರಿ. ಆದರೆ ಕೀಲು ಕಳಚಿದಾಗ ಹುಟ್ಟುವ ನೈಟ್ರೋಸೊ ಚೂರಿದೆಯಲ್ಲ, ಅದು ಸುಮ್ನೆ ಕೂರುವ ಜಾತಿಯದಲ್ಲ. ಬ್ಯಾಕ್ಟೀರಿಯಾವನ್ನು ಕೊಂದದ್ದು ಆ ಚೂರೇ ಅಂತ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಅವತ್ತಿನಿಂದ ಔಷಧಿಗಿಂತ ಚೂರುಗಳ ಮೇಲೇ ನನ್ನ ಕಣ್ಣು ಜಾಸ್ತಿ.

ಇದನ್ನೆಲ್ಲ ಕೊಟ್ಟಿಗೆ ಕಟ್ಟೆ ಮೇಲೆ ಕೂತು ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಪ್ಪ ಕೇಳಿದ್ದು ಒಂದೇ ಮಾತು: 'ಅಲ್ಲ ಮಗಾ, ತಿಪ್ಪೆ ಒಳಕ್ಕೆ ಬಿಸ್ಲು ಎಲ್ಲಿ ಹೋಗುತ್ತೆ?'

ಗುದ್ದಲಿಯಿಂದ ಒಂದು ಕಡೆ ಕೆದಕಿ ತೋರಿಸಿದರು. ಮೇಲೆ ಒಣಗಿದ ಬೂದು ಪದರ, ಅದರ ಕೆಳಗೆ ಕಪ್ಪು, ಒದ್ದೆ, ಹಬೆಯಾಡುವ ಬಿಸಿ. ಅಲ್ಲಿ ನನ್ನ ಕೀಲು ಕಳಚಲು ಬೆಳಕೇ ಇಲ್ಲ. ಮಳೆಗಾಲದ ಮೋಡದಲ್ಲಂತೂ ಮೇಲಿನ ಪದರಕ್ಕೂ ಬಿಸಿಲು ಕಷ್ಟ.

ಆಮೇಲೆ ಅಪ್ಪನೇ ಗಂಜಲದ ಕಾಲುವೆ ಕಡೆ ಕೈ ಮಾಡಿದರು. ಕೊಟ್ಟಿಗೆಯಿಂದ ತೆಂಗಿನ ಬುಡದವರೆಗೆ ಬಯಲಲ್ಲೇ ತೆಳ್ಳಗೆ ಹರಿಯುತ್ತದೆ, ಮಧ್ಯಾಹ್ನವೆಲ್ಲ ಅದರ ಮೇಲೆ ಬಿಸಿಲು. ಇಲ್ಲಿ ಕೆಲಸ ಆಗಬಹುದು. ಆದರೆ ಇಷ್ಟು ದಿನ ನಾನು ಔಷಧಿ ಒಡೆದದ್ದೆಲ್ಲ ಶುದ್ಧ ನೀರಿನಲ್ಲಿ. ಗಂಜಲಕ್ಕೆ ತನ್ನದೇ ಬಣ್ಣವಿದೆ, ಬೆಳಕಿನ ಒಂದು ಪಾಲನ್ನು ಅದೇ ನುಂಗಿಬಿಡುತ್ತದೆ.

ಹೊರಡುವ ದಿನ ಅಮ್ಮ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದಳು. ನಾನು ಇಂಜೆಕ್ಷನ್ ಆಗದ ಹಸುವಿನ ಗಂಜಲವನ್ನು ಎರಡು ಬಾಟಲಿಗೆ ಹಿಡಿದು, ಮುಚ್ಚಳಕ್ಕೆ ಟೇಪ್ ಸುತ್ತಿ, ಬೇರೆ ಚೀಲದಲ್ಲಿ ಇಟ್ಟುಕೊಂಡೆ. ಸೋಮವಾರ ಅದರಲ್ಲೇ ಮೊದಲಿಂದ ಶುರು.