ಸಂಯುಕ್ತಾ ಇದ್ದ ಚಾನೆಲ್

2018ರ ಗೌರಿ ಗಣೇಶ ಹಬ್ಬಕ್ಕೆ ಮಂಡ್ಯದ ಮನೆಗೆ ಬಂದಿದ್ದೆ. ಹಬ್ಬ ಆಗಿ ಎರಡು ದಿನ, ಸೆಪ್ಟೆಂಬರ್ 15, ಶನಿವಾರ. ‘ಇವತ್ತಿಗೆ ಚಾನೆಲ್ ವಿ ಮುಚ್ತಿದೆ ಕಣೇ’ ಅಂತ ಗೆಳತಿ ಮೆಸೇಜ್ ಹಾಕಿದ್ದಳು. ತಿನ್ನುತ್ತಿದ್ದ ತಟ್ಟೆ ಪಕ್ಕಕ್ಕಿಟ್ಟು ಟಿವಿ ಹಾಕಿದೆ. ಸುಮ್ನೆ ಹಾಡುಗಳು ಬರುತ್ತಿದ್ದವು.

ನನ್ನ ಚಾನೆಲ್ ವಿ ಅದಲ್ಲ. 1994ರಲ್ಲಿ ಶುರುವಾದಾಗ ಅದು ಹಾಡಿನ ಚಾನೆಲ್ಲೇ. ಅದರಲ್ಲಿ ಬರುತ್ತಿದ್ದ ತಮಾಷೆಯ ಕೌಬಾಯ್ ಪಾತ್ರ ಕ್ವಿಕ್ ಗನ್ ಮುರುಗನ್ ಅಂದರೆ ನಮ್ಮ ಚಿಕ್ಕಪ್ಪನ ಮುಖ ಈಗಲೂ ಅರಳುತ್ತೆ. ನನಗೆ ಸಿಕ್ಕಿದ್ದು 2012ರ ನಂತರದ್ದು. ಹಾಡು ಬಿಟ್ಟು ಕಾಲೇಜು ಹುಡುಗ ಹುಡುಗಿಯರ ಕಥೆಗಳ ಕಡೆ ಚಾನೆಲ್ ತಿರುಗಿದ ಕಾಲ. ನಮ್ಮ ಕ್ಲಾಸಿನ ಅರ್ಧ ಹುಡುಗಿಯರಿಗೆ ‘ದಿಲ್ ದೋಸ್ತಿ ಡಾನ್ಸ್’ ಹುಚ್ಚು. ಸ್ವಯಂ, ಶ್ಯಾರನ್ ಅಂತ ಪಕ್ಕದ ಮನೆಯವರ ಹಾಗೆ ಮಾತಾಡೋರು. ನನಗೆ ಬಂದ ಹಿಂದಿ ಸ್ಕೂಲಿಗಿಂತ ಜಾಸ್ತಿ ಅಲ್ಲಿಂದಲೇ ಬಂದಿದ್ದು.

2013ರ ನವೆಂಬರ್‌ನಲ್ಲಿ ‘ಸಡ್ಡಾ ಹಕ್’ ಶುರುವಾಯಿತು. ನಾನಾಗ ಎರಡನೇ ಪಿಯುಸಿ. ಅದರ ನಾಯಕಿ ಸಂಯುಕ್ತಾಗೆ ಮೆಕ್ಯಾನಿಕಲ್ ಇಂಜಿನಿಯರ್ ಆಗಬೇಕು. ಅದು ಗಂಡುಮಕ್ಕಳ ಕೆಲಸ ಅನ್ನೋದು ಅವಳ ಅಪ್ಪನ ಮಾತು. ಹರ್ಷಿತಾ ಗೌರ್ ಆ ಪಾತ್ರ ಮಾಡಿದ್ದರು. ಅಳು ಬಂದಾಗಲೂ ಅವಳು ತಲೆ ಎತ್ತಿಕೊಂಡೇ ಇರೋಳು. ಬೇರೆ ಹಿಂದಿ ಚಾನೆಲ್‌ಗಳಲ್ಲಿ ಅತ್ತೆ ಸೊಸೆ ಜಗಳ ನಡೆಯುತ್ತಿದ್ದಾಗ, ಇಲ್ಲೊಬ್ಬಳು ಇಂಜಿನ್ ಮುಂದೆ ನಿಂತಿದ್ದಳು.

ನಮ್ಮ ಮನೆಯಲ್ಲೂ ಅದೇ ಮಾತು ಬಂತು. 2014ರಲ್ಲಿ ಸಿಇಟಿ ಆಪ್ಷನ್ ಎಂಟ್ರಿ ಮಾಡುವ ದಿನ, ಸೈಬರ್ ಸೆಂಟರ್‌ನಲ್ಲಿ ಅಪ್ಪ ಪಕ್ಕದಲ್ಲೇ ಕೂತಿದ್ದರು. ‘ಕಂಪ್ಯೂಟರ್ ಸೈನ್ಸ್ ಮೊದಲು ಹಾಕಮ್ಮ. ಮೆಕ್ಯಾನಿಕಲ್ ಎಲ್ಲಾ ಹೆಣ್ಮಕ್ಕಳಿಗೆ ಕಷ್ಟ’ ಅಂದರು. ಬೈದು ಹೇಳಲಿಲ್ಲ, ಭಯದಿಂದ ಹೇಳಿದರು. ನನ್ನ ಕೈ ಮೌಸ್ ಮೇಲೆ ಎಷ್ಟು ಹೊತ್ತು ಹಾಗೇ ಇತ್ತೋ. ಚಿಕ್ಕ ವಯಸ್ಸಿಂದ ತಾತನ ಪಂಪ್‌ಸೆಟ್ ಬಿಚ್ಚಿ ಜೋಡಿಸುವಾಗ ಸ್ಪ್ಯಾನರ್ ಕೊಡ್ತಿದ್ದೋಳು ನಾನು. ಆ ಖುಷಿಗೆ ಒಂದು ಹೆಸರಿದೆ, ಒಂದು ಓದಿದೆ ಅಂತ ಗೊತ್ತಾಗಿದ್ದೇ ಸಂಯುಕ್ತಾಳಿಂದ. ‘ಅಪ್ಪ, ನಂಗೆ ಮೆಕ್ಯಾನಿಕಲ್ಲೇ ಬೇಕು’ ಅಂದೆ. ಅಪ್ಪ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಬಂದು, ‘ಹಾಕು’ ಅಂದರು. ಅಷ್ಟೇ.

ಕಾಲೇಜಿಗೆ ಸೇರಿದ ಮೇಲೆ ಟಿವಿ ನೋಡುವುದು ಕಮ್ಮಿಯಾಯಿತು. 2016ರ ಜೂನ್ ಕೊನೆಗೆ ಚಾನೆಲ್ ಧಾರಾವಾಹಿಗಳನ್ನೆಲ್ಲ ನಿಲ್ಲಿಸಿ ಮತ್ತೆ ಹಾಡಿಗೆ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಹಾಡು ಕೇಳೋಕೆ ಹಾಸ್ಟೆಲ್‌ನಲ್ಲಿ ಯಾರೂ ಟಿವಿ ರೂಮಿಗೆ ಹೋಗುತ್ತಿರಲಿಲ್ಲ. ಕಥೆಗಳನ್ನು ಉಳಿಸಿಕೊಳ್ಳಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತೆ. ಹಾಡು ಎಲ್ಲಿ ಬೇಕಾದರೂ ಸಿಗುತ್ತೆ, ಅಲ್ವಾ?

ಆ ಶನಿವಾರ ಅಪ್ಪನೂ ಬಂದು ಪಕ್ಕದಲ್ಲಿ ಕೂತರು. ನನಗೆ ಆಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಎರಡು ತಿಂಗಳು. ‘ಏನಮ್ಮ ನೋಡ್ತಿದೀಯ?’

‘ಈ ಚಾನೆಲ್ ಇವತ್ತಿಗೆ ನಿಂತು ಹೋಗುತ್ತಂತೆ ಅಪ್ಪ.’

‘ಆ ಇಂಜಿನಿಯರ್ ಹುಡುಗಿ ಬರ್ತಿದ್ಳಲ್ಲ, ಅದೇನಾ?’

ಅಪ್ಪ ಅದನ್ನ ನೋಡಿದ್ದರು ಅಂತ ನನಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ.