ಒಂದೊಂದು ಪೋರ್ಟೂ ಸರಿ, ಒಟ್ಟು ಲೆಕ್ಕ ಮಾತ್ರ ತಪ್ಪು

ವೈಫೈ ಚಿಪ್ ಅನ್ನು ನಡೆಸುವ ತಂತ್ರಾಂಶದಲ್ಲಿ, ಅಂದರೆ ಡ್ರೈವರ್‌ನಲ್ಲಿ, ನಾನು ಮರೆತ ಒಂದು ವ್ಯವಕಲನದಿಂದಾಗಿ ನಮ್ಮ ಸಾಧನ ಪ್ರಮಾಣೀಕರಣ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ಯುರೋಪಿನ ನಿಯಮದ ಪ್ರಕಾರ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಇಂಥ ಸಾಧನ ಹೊರಸೂಸಬಹುದಾದ ಗರಿಷ್ಠ ಶಕ್ತಿ 20 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಅಳತೆ), ಅಂದರೆ 100 ಮಿಲಿವ್ಯಾಟ್. ಇದು ಚಿಪ್‌ನಿಂದ ಹೊರಬೀಳುವ ಶಕ್ತಿಗೆ ಹಾಕಿದ ಮಿತಿಯಲ್ಲ, ಆಂಟೆನಾದ ಗೇನ್ ಅನ್ನೂ (ಶಕ್ತಿಯನ್ನು ಒಂದು ದಿಕ್ಕಿಗೆ ಕೇಂದ್ರೀಕರಿಸಿ ಅದು ಕೊಡುವ ಏರಿಕೆ) ಕೂಡಿಸಿದ ನಂತರದ ಮಿತಿ.

ನಮ್ಮ ಆಂಟೆನಾದ ಗೇನ್ 3 ಡೆಸಿಬೆಲ್ ಇದ್ದುದರಿಂದ ಅದನ್ನು 20ರಿಂದ ಕಳೆದು, ಬಂದ 17 ಡಿಬಿಎಂ ಅನ್ನು ಚಿಪ್‌ನ ಶಕ್ತಿಯನ್ನು ನಿಗದಿಪಡಿಸುವ ರಿಜಿಸ್ಟರಿಗೆ ಬರೆಯುವಂತೆ ಮಾಡಿದ್ದೆ. ಆ ರಿಜಿಸ್ಟರಿನ ಬೆಲೆ ಪ್ರತಿಯೊಂದು ಟ್ರಾನ್ಸ್‌ಮಿಟ್ ಚೈನ್‌ಗೂ (ತನ್ನದೇ ಪೋರ್ಟಿನ ಮೂಲಕ ಸಂಕೇತ ಕಳಿಸುವ ಪ್ರಸಾರ ಮಾರ್ಗ) ಬೇರೆಬೇರೆಯಾಗಿ ಅನ್ವಯಿಸುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ; ಆದರೆ ಎರಡು ಚೈನ್‌ಗಳು ಒಟ್ಟಿಗೆ ಪ್ರಸಾರ ಮಾಡಿದಾಗ ಶಕ್ತಿ ದುಪ್ಪಟ್ಟಾಗಿ ಇನ್ನೂ 3 ಡೆಸಿಬೆಲ್ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಮೇಜಿನ ಮೇಲಿನ ಪವರ್ ಮೀಟರ್ ಕೂಡ ಈ ತಪ್ಪನ್ನು ಬಯಲು ಮಾಡುವಂತಿರಲಿಲ್ಲ. ಒಂದು ಪೋರ್ಟಿಗೆ ಮೀಟರ್, ಇನ್ನೊಂದಕ್ಕೆ ಶಕ್ತಿಯನ್ನು ಹೀರಿಕೊಳ್ಳುವ 50 ಓಮ್ ಟರ್ಮಿನೇಟರ್ ಹಾಕಿ, ನಂತರ ಅದಲುಬದಲು ಮಾಡಿ ಅಳೆಯುತ್ತಿದ್ದೆವು. ಎರಡರಲ್ಲೂ 17ರ ಆಸುಪಾಸಿನ ಅಂಕಿಯೇ ಬಂದಾಗ ಸಮಾಧಾನಪಟ್ಟುಕೊಂಡೆವು. ಪ್ರಯೋಗಾಲಯದ ವರದಿ ಸುಮಾರು 23 ಡಿಬಿಎಂ, ಅಂದರೆ ಮಿತಿಯ ಎರಡರಷ್ಟು ತೋರಿಸಿತು.

ಕ್ಯಾಲಿಬ್ರೇಷನ್ ಟೇಬಲ್ಲಿನ ಎಲ್ಲ ಅಂಕಿಗಳಿಂದಲೂ 3 ಕಳೆದುಬಿಟ್ಟರೆ ಮುಗಿಯಿತು ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ, ಏಕೆಂದರೆ ಆ ಟೇಬಲ್ಲು ಹೇಳುವುದು ಹಾರ್ಡ್‌ವೇರಿನ ಸಾಮರ್ಥ್ಯವನ್ನೇ ಹೊರತು ಕಾನೂನನ್ನಲ್ಲ. ಅಲ್ಲದೆ ಒಂದೇ ಚೈನ್ ಕೆಲಸ ಮಾಡುವ ಹೊತ್ತಿನಲ್ಲಿ ಕಾರಣವಿಲ್ಲದೆ ಅರ್ಧ ಶಕ್ತಿ ಕಳೆದುಕೊಳ್ಳುತ್ತಿದ್ದೆವು. ಬದಲಿಗೆ, ಆಗ ಸಕ್ರಿಯವಾಗಿರುವ ಚೈನ್‌ಗಳ ಸಂಖ್ಯೆಯನ್ನು ನೋಡಿ ಮಿತಿಯನ್ನು ಲೆಕ್ಕ ಹಾಕುವ ಫಂಕ್ಷನ್ ಬರೆದೆ: ಎರಡು ಚೈನ್‌ಗೆ ತಲಾ 14, ಒಂದಕ್ಕೆ 17. ನಿಯಮದ ಮಿತಿ, ಕ್ಯಾಲಿಬ್ರೇಷನ್ ಮಿತಿ, ಬಳಕೆದಾರ ಕೇಳಿದ ಶಕ್ತಿ ಈ ಮೂರರಲ್ಲಿ ಅತಿ ಕಡಿಮೆಯದೇ ರಿಜಿಸ್ಟರಿಗೆ ಹೋಗಬೇಕು. ಬಳಕೆದಾರ ಶಕ್ತಿಯನ್ನು ತಗ್ಗಿಸಬಹುದು, ಮಿತಿ ಮೀರಿ ಏರಿಸುವಂತಿಲ್ಲ.

ಹುಡುಕುವಾಗ ಇನ್ನೊಂದು ಚಿಕ್ಕ ದೋಷವೂ ಸಿಕ್ಕಿತು. ಲಿನಕ್ಸ್‌ನಲ್ಲಿ ಬಳಕೆದಾರನ ಕಡೆಯಿಂದ ಬರುವ ಅಂಕಿ ಒಂದು ಡಿಬಿಎಂನ ನೂರನೇ ಒಂದು ಭಾಗದ ಲೆಕ್ಕದಲ್ಲಿರುತ್ತದೆ, ನಮ್ಮ ರಿಜಿಸ್ಟರಿನದು ಅರ್ಧ ಡೆಸಿಬೆಲ್‌ನ ಲೆಕ್ಕ. ಈ ಪರಿವರ್ತನೆಯಲ್ಲಿ ನಾನು ಹತ್ತಿರದ ಬೆಲೆಗೆ ಪೂರ್ಣಾಂಕಗೊಳಿಸಿದ್ದೆ. ಶಕ್ತಿಯ ವಿಷಯದಲ್ಲಿ ಯಾವಾಗಲೂ ಕೆಳಗಿನ ಬೆಲೆಗೇ ಇಳಿಸಬೇಕಿತ್ತು.

ಈಗ ನಮ್ಮ ಮೇಜಿನ ಮೇಲೆ ಎರಡೂ ಪೋರ್ಟುಗಳಿಗೆ ಒಂದೊಂದು ಮೀಟರ್ ಇದೆ. ಎರಡೂ ಚೈನ್‌ಗಳನ್ನು ಒಟ್ಟಿಗೆ ಪ್ರಸಾರಕ್ಕೆ ಬಿಟ್ಟು, ಎರಡರ ಅಳತೆಯನ್ನೂ ಮಿಲಿವ್ಯಾಟ್‌ಗೆ ಬದಲಿಸಿ ಕೂಡಿಸಿದ ಮೇಲೆಯೇ ಆ ಮೊತ್ತವನ್ನು ಡಿಬಿಎಂನಲ್ಲಿ ವರದಿಗೆ ಬರೆಯುತ್ತೇವೆ.